ಬೆಣೆ

ಫೆಬ್ರವರಿಯಲ್ಲಿ ನಮ್ಮ ಕಡೆ
ಹನ್ನೊಂದಕ್ಕೆ ಸರಿಯಾಗಿ ಗಾಳಿ ಏಳುತ್ತದೆ,
ಸರಕಾರಿ ನೌಕರರಿಗಿಂತ ನಿಯತ್ತು ಅದಕ್ಕೆ.
ಕೂರ್ಮಗಡದ ಆಚೆಯಿಂದ ಹೊರಟು
ಕೋಡಿಬಾಗದ ಗಾಳಿಮರಗಳ ತಲೆ ಬಾಚಿ
ನೇರ ನಮ್ಮ ಬಾಡಿಗೆ ಮನೆಯ
ಹಿತ್ತಿಲ ಬಾಗಿಲಿಗೇ ಬರುತ್ತದೆ.
ಢಬ್.

ಆ ಹೊತ್ತಿಗೆ ನನಗೆ ಮೊದಲ ನಿದ್ದೆ.
ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ;
ಎಂಟಕ್ಕೆ ಬಿಟ್ಟು, ನೊಗಲಿ ಮೀನು ಚೌಕಾಸಿ ಮಾಡಿ,
ಸಾರು ಇಳಿಸಿ ತಲೆ ದಿಂಬಿಗಿಟ್ಟರೆ ಹತ್ತೂವರೆ.
ಢಬ್. ಢಬ್.
ಚಿಲಕ ಹಾಕಿದರೆ ಸೆಕೆ, ಜೀವ ಬೇಯುತ್ತದೆ.
ಒಂಬತ್ತು ವರ್ಷ ಆ ಬಾಗಿಲಿಗೆ ಏನೆಲ್ಲ ಒತ್ತಿಟ್ಟೆವು!
ಗುಂಡುಕಲ್ಲು, ಮಗಳ ಹಳೆಯ ಚಪ್ಪಲಿ, ಮಡಚಿದ ಪೇಪರು,
ಒಮ್ಮೆ ಒಂದು ತೆಂಗಿನಕಾಯಿ.
ಅದು ಉರುಳುತ್ತ ಹೋಗಿ ಬಾವಿಕಟ್ಟೆಗೆ ಆತು ಕೂತಿತು,
ನಿಮ್ಮ ಸಹವಾಸ ಸಾಕು ಎಂಬಂತೆ.

ಆ ದಿನ ಬೆಳಿಗ್ಗೆ
ಎಳೆಯ ಸಿಸ್ಟರು ಸುವರ್ಣಾ ಗುನಗಿ
ಮೊಬೈಲನ್ನು ನನ್ನ ಮೂಗಿಗೇ ಹಿಡಿದಳು.
ಹುಡುಗ ಕಳಿಸಿದ್ದಂತೆ: ಒತ್ತಿದರೆ ಬೆಳಗುವ
ಕೆಂಪು ಹೃದಯ, ಗೋಡೆಗೆ ತೂಗುಹಾಕುವುದು.
'ಅಕ್ಕಾ, ನಿಮ್ಮವರು ಏನು ಕೊಟ್ಟರು?'

ನಕ್ಕೆ.
ಹೃದಯವೆಂದರೆ ನನಗೆ ಬರೀ ಸದ್ದು,
ಬಸುರಿಯ ಹೊಟ್ಟೆಗೆ ಯಂತ್ರ ಹಚ್ಚಿದಾಗ
ಒದ್ದೆ ಹೊಯಿಗೆಯ ಮೇಲೆ ಯಾರೋ ಓಡಿಬಂದ ಹಾಗೆ.
ಇನ್ನು ನಮ್ಮವರೋ,
ಬೈತಖೋಲದಲ್ಲಿ ಹರಿದ ಬಲೆ ಹೊಲಿಯುವವರು.
ಯಾವುದನ್ನೇ ತೋರಿಸಿ,
ಮೊದಲು ಅವರ ಕಣ್ಣಿಗೆ ಬೀಳುವುದು ತೂತು.

ಮನೆಗೆ ಬಂದೆ. ಮಲಗಿದೆ.

ಎದ್ದಾಗ ನಾಲ್ಕು. ಎದೆ ಧಸಕ್ಕೆಂದಿತು:
ಯಾಕೆ ಯಾರೂ ಎಬ್ಬಿಸಲಿಲ್ಲ ನನ್ನನ್ನು?
ಗಾಳಿಯೇ ಬರಲಿಲ್ಲವೇ ಇವತ್ತು?
ಹಿತ್ತಿಲಲ್ಲಿ ಸೀರೆಗಳು ಹಗ್ಗ ಕಿತ್ತು ಹೋಗುವಂತೆ ಹಾರುತ್ತಿದ್ದವು,
ಬಾಗಿಲು ಮಾತ್ರ ಬಾಯಿ ತೆರೆದು
ಹಲ್ಲು ಕೀಳಿಸಿಕೊಳ್ಳುವ ಮಗುವಿನ ಹಾಗೆ ನಿಂತಿತ್ತು.

ಅದರಡಿಯಲ್ಲಿ ಒಂದು ಬೆಣೆ.
ಒಡೆದ ದೋಣಿಯ ಹಲಗೆ,
ಒಂದು ಅಂಚಿಗೆ ನೀಲಿ ಬಣ್ಣ ಇನ್ನೂ ಕಚ್ಚಿಕೊಂಡಿದೆ.
ಜಾರದಂತೆ ತಳಕ್ಕೆ ಟೈರಿನ ತುಂಡು,
ತೂಗುಹಾಕಲು ಬಲೆದಾರದ ಕುಣಿಕೆ.
ಹೆಸರಿಲ್ಲ, ಹೂವಿಲ್ಲ.
ಹೊಸ್ತಿಲ ಮೇಲೆ ಸಣ್ಣ ಪೆನ್ಸಿಲ್ ಗೀಟು.
ಹದಿನೈದು ದಿನದ ಹಿಂದೆ ಅದೇ ಗೀಟಿಗೆ
ಮಗಳು ಹರ್ಷದಾಳನ್ನು ಬೈದು ಅಳಿಸಿದ್ದೆ ನಾನು!
ಅವಳೂ ಸುಮ್ಮನೆ ಬೈಸಿಕೊಂಡಳಲ್ಲ, ಕಳ್ಳಿ.

ಬಚ್ಚಲೊಲೆಯ ಬುಟ್ಟಿ ಕೆದಕಿದೆ.
ಕೆಟ್ಟವು ಎರಡು ಸಿಕ್ಕವು,
ಒಂದು ದಪ್ಪ, ಒಂದು ಸೀಳಿದ್ದು.
ಮೂರನೆಯದರಲ್ಲಿ ನೀನು ಮೊನ್ನೆಯೇ ನೀರು ಕಾಸಿದೆ,
ಎಂದರು ಬಾಗಿಲಲ್ಲಿ ನಿಂತು.
ಉಳಿ ಬಾಬಣಿ ಮೇಸ್ತನದಂತೆ,
ಹೆಬ್ಬೆರಳ ಪಟ್ಟಿ ಮಾತ್ರ ಅವರದೇ.
'ಇವತ್ತು ಯಾವ ದಿನ, ಗೊತ್ತುಂಟಾ?' ಎಂದೆ.
'ಶುಕ್ರವಾರ. ಸಂಜೆಗೆ ಟ್ರಾಲರ್ ಬರ್ತದೆ.'

ಸುಮ್ಮನಿರಲಾಗಲಿಲ್ಲ ನನಗೂ.
ಹಳೆಯ ಯೂನಿಫಾರ್ಮಿನ ಜೇಬು ಬಿಚ್ಚಿ,
ಶಾಯಿ ಕಲೆ ಒಳಗೆ ಬರುವಂತೆ ತಿರುವಿ ಹೊಲಿದು,
ಅವರ ಮಂಚದ ತಲೆಗೆ ಮೊಳೆ ಹೊಡೆದೆ.
ಕನ್ನಡಕಕ್ಕೆಂದು.
ಕನ್ನಡಕ ಅದರಲ್ಲಿ ಹಿಡಿಸಲಿಲ್ಲ.
ಈಗ ಅಲ್ಲಿ ಕರೆಂಟು ಬಿಲ್ಲು, ಎರಡು ಪೆಪ್ಪರಮಿಂಟು.
ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು
ಈಗಲೂ ಮನೆಯೆಲ್ಲ ಹುಡುಕುತ್ತಾರೆ.

ರಾತ್ರಿ ವಾರ್ಡಿನಲ್ಲಿ ಮತ್ತೆ ಸುವರ್ಣಾ:
'ಅಕ್ಕಾ, ಹೇಳಲೇ ಇಲ್ಲ, ಏನು ಸಿಕ್ಕಿತು?'
'ಐದು ತಾಸು,' ಎಂದೆ.
ಗಡಿಯಾರ ಎಂದುಕೊಂಡಿರಬೇಕು ಪಾಪ,
'ಯಾವ ಕಂಪನಿದು?' ಎಂದಳು.