ಅರ್ಧ ಯೂನಿಟ್ಟು

ಮೂವತ್ತೆರಡು ವರ್ಷ ಪಾಂಡವಪುರದ ಬಸ್ ಸ್ಟ್ಯಾಂಡ್ ಹಿಂದೆ
ಸುಟ್ಟ ಮೋಟಾರುಗಳ ಕರುಳು ಬಿಚ್ಚಿ
ಹೊಸ ತಾಮ್ರ ಸುತ್ತಿದ್ದೇನೆ.
ವಾರ್ನಿಷಿನ ವಾಸನೆ ಊಟದ ಕೈಯಿಂದಲೂ ಹೋಗುವುದಿಲ್ಲ.
ಮೂಸಿದರೇ ಗೊತ್ತಾಗುತ್ತೆ ನನಗೆ:
ಇದು ವೋಲ್ಟೇಜು ಇಳಿದು ಸತ್ತದ್ದು, ಇದು ನೀರು ಕುಡಿದು,
ಇದು ರಾತ್ರಿ ಎರಡು ಗಂಟೆಯ ತ್ರೀ ಫೇಸಿಗೆ ಕಾದು ಕೂತವನು
ನಿದ್ದೆಗಣ್ಣಲ್ಲಿ ಸ್ವಿಚ್ಚೊತ್ತಿ ಕೊಂದದ್ದು.

ಕರೆಂಟು ತಿಂದರೆ ತಿರುಗುತ್ತೆ,
ತಿರುಗಿಸಿದರೆ ಕಕ್ಕುತ್ತೆ.
ಇಷ್ಟು ಗೊತ್ತಿತ್ತು. ಗೊತ್ತಿದ್ದೂ
ಮೂವತ್ತೆರಡು ವರ್ಷ ಒಂದೇ ಕಡೆಯಿಂದ ನೋಡಿದೆ.

ಆಷಾಢದ ಒಂದು ಮಧ್ಯಾಹ್ನ ಕುಂತಿಬೆಟ್ಟದ ಕಡೆಯಿಂದ ಬಂದ ಗಾಳಿ
ಅಂಗಡಿಯ ತಗಡು ಬಡಿದು ಒಳನುಗ್ಗಿತು.
ಕರೆಂಟಿಲ್ಲದೆ ನಿಂತಿದ್ದ ಸೀಲಿಂಗ್ ಫ್ಯಾನು
ತಾನಾಗಿ, ಮೆಲ್ಲಗೆ, ಹಿಂದುಮುಂದಾಗಿ ತಿರುಗಿತು.
ಗಾಳಿ ಬಂದಾಗ ತೂರಿಕೋ ಅಂದಿದ್ದು
ರಾಗಿಗೆ ಮಾತ್ರವಾ?

ಅದನ್ನೇ ಇಳಿಸಿದೆ. ಹೊಟ್ಟೆಗೆ ಮ್ಯಾಗ್ನೆಟ್ಟು ಕೂರಿಸಿದೆ.
ಖಲಂದರ್ ಸಾಬರು ಆರಿಂಚಿನ ಪಿವಿಸಿ ಪೈಪು ಸೀಳಿ
ಮೂರು ರೆಕ್ಕೆ ಕೊಯ್ದುಕೊಟ್ಟರು.
"ತಿರುಗಿದರೆ ಕಾಸು ಕೊಡಿ" ಅಂದರು, ನಗಲಿಲ್ಲ.

ತಾರಸಿಯ ಮೇಲೆ ತಿರುಗಿತು.
ಅದರ ಹೂಂಕಾರಕ್ಕೆ ಪಕ್ಕದ ಮನೆ ಚಿಕ್ಕಬೋರಮ್ಮನ ಕೋಳಿಗಳು
ಮೂರು ದಿನ ಮೊಟ್ಟೆ ಇಡಲಿಲ್ಲ.
"ಅದೇನ್ ದೆವ್ವ ಮಡಗಿದ್ದೀಯಪ್ಪ ಮ್ಯಾಲೆ, ಇಳ್ಸು."
ನಾನು ಇಳಿಸಲಿಲ್ಲ. ಗಾಳಿಯೇ ಇಳಿಸಿತು:
ನಾಲ್ಕನೇ ರಾತ್ರಿ ಒಂದು ರೆಕ್ಕೆ ಕಿತ್ತು ಹಾರಿ
ಅವಳ ತೆಂಗಿನ ಸುಳಿಯ ಪಕ್ಕ ಸಿಕ್ಕಿಕೊಂಡಿತು,
ಬಿಳೀ ಗರಿಯ ಹಾಗೆ.

ಆಮೇಲೆ ಬಾಲ ಕಟ್ಟಿದೆ. ಜೋರು ಗಾಳಿಗೆ
ಮುಖ ತಿರುಗಿಸುವುದನ್ನು ಕಲಿಸಿದೆ ಅದಕ್ಕೆ.
ಚಿಕ್ಕಬೋರಮ್ಮ ಎದುರಾದರೆ ನಾನೂ ಹಾಗೇ ಮಾಡುತ್ತಿದ್ದೆ.

ಮೈಸೂರಿನಲ್ಲಿ ಯಾರೋ ಬೇಡವೆಂದ ಎರಡು ಸೋಲಾರ್ ಹಲಗೆ ತಂದೆ,
ಒಂದರ ಮೂಲೆಯಲ್ಲಿ ಜೇಡರಬಲೆಯಂಥ ಬಿರುಕು.
ತಾರಸಿಯ ದಕ್ಷಿಣ ನನ್ನ ಹೆಂಡತಿ ಸಣ್ಣತಾಯಿಯದು:
ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಗೆದ ಕಂಬಳಿ.
"ನಿಮ್ ಹಲಗೆಗೂ ಬಿಸ್ಲು ಬೇಕು, ನನ್ ಸಂಡಿಗೆಗೂ ಬೇಕು,
ಅವ್ನೊಬ್ಬ ಎಷ್ಟ್ ಮನೆ ಚಾಕ್ರಿ ಮಾಡಾನು?"
ಸೀಮೆಸುಣ್ಣದಲ್ಲಿ ಗೆರೆ ಎಳೆದೆವು, ಅಣ್ಣತಮ್ಮಂದಿರ ಗದ್ದೆಗೆ ಎಳೆವ ಹಾಗೆ.
ನೆರಳು ಮಾತ್ರ ಗೆರೆಗೆ ಕಿಮ್ಮತ್ತು ಕೊಡಲಿಲ್ಲ.

ಮೀಟರು ಓದುವ ಹುಡುಗಿ ಬಂದು ಬೆರಳಲ್ಲಿ ಕುಟ್ಟಿ ನೋಡಿದಳು.
"ಊರಿಗೆ ಹೋಗಿದ್ರಾ ಅಂಕಲ್?"
ಇಲ್ಲಮ್ಮ, ಮೇಲೆ ಹೋಗಿದ್ದೆ.
"ಹೇಗೂ ಸೊನ್ನೆ ಬಿಲ್ಲು ಬರ್ತಿತ್ತಲ್ಲ, ಯಾಕೆ ಈ ಒದ್ದಾಟ?"
ಇರುವಾಗ ಬಿಟ್ಟಿ ತಾಯಿ, ಹೋದಾಗ ಯಾರ ಹತ್ತಿರ ಕೇಳಲಿ
ಅನ್ನಬೇಕೆಂದಿದ್ದೆ. ಅವಳು ಮುಂದಿನ ಮನೆಗೆ ಹೋಗಿಯಾಗಿತ್ತು.

ಕಾರ್ತಿಕದ ಚಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಢಮ್ಮೆಂದ ರಾತ್ರಿ
ಬೀದಿಯೆಲ್ಲ ಮುಳುಗಿತು.
ನನ್ನ ಅಡುಗೆಮನೆಯೊಂದು
ತಪ್ಪು ಮಾಡಿದವನ ಹಾಗೆ ಬೆಳಗುತ್ತ ನಿಂತಿತ್ತು.
ಗೋಡೆಯಾಚೆ ಕೆಮ್ಮು. ಚಿಕ್ಕಬೋರಮ್ಮ.
ಏನೂ ಕೇಳಲಿಲ್ಲ. ಸೆರಗಿನೊಳಗೆ ಚಿಂವ್ ಚಿಂವ್.
ತಾಯಿಕೋಳಿಯನ್ನು ಮುಂಗುಸಿ ಹೊತ್ತು ನಾಕು ದಿನ,
ಮರಿಗಳಿಗೆ ಬಲ್ಬಿನ ಕಾವೇ ಹೊಟ್ಟೆಯಾಗಿತ್ತು.
ಸಣ್ಣತಾಯಿ ನನ್ನ ಮುಖ ನೋಡದೆ
ವೈರು ಎಸೆದಳು ಆಚೆಗೆ.

ಅರವತ್ತು ವ್ಯಾಟಿನ ಹಳೇ ಬಲ್ಬು, ಮೇಲೆ ಬಿದಿರುಬುಟ್ಟಿ.
ನಾನು ಬ್ಯಾಟರಿಯ ಮುಳ್ಳು ನೋಡುತ್ತ ಕೂತೆ.
ಹನ್ನೆರಡು. ಹನ್ನೊಂದೂ ಮುಕ್ಕಾಲು.
ಬೀಸಪ್ಪ ಅಂತ ಮೊದಲ ಸಲ ಗಾಳಿಯನ್ನು ಬಾಯಿಬಿಟ್ಟು ಕೇಳಿದೆ.
ಫ್ಯಾನು ಎರಡು ಸುತ್ತು ಹಾಕಿ ನಿಲ್ಲುತ್ತಿತ್ತು, ಮತ್ತೆ ಎರಡು,
ನಿದ್ದೆ ಬಾರದ ಮುದುಕ ಮಗ್ಗುಲಾದ ಹಾಗೆ.

ಬೆಳಗಿನ ಜಾವ ಲೆಕ್ಕ ಹಾಕಿದೆ: ಅರ್ಧ ಯೂನಿಟ್ಟು,
ಒಂದು ಟೀಗೂ ಸಾಲದ ಕಾಸು.
ಆಚೆ ಬುಟ್ಟಿ ಎತ್ತಿ ಅವಳೂ ಎಣಿಸುತ್ತಿದ್ದಳು, ಒಂದೊಂದನ್ನೇ ಮುಟ್ಟಿ.
"ಹನ್ನೊಂದೂ ಅವೆ ಕಣಪ್ಪ."

ತಲೆಯೆತ್ತಿದೆ. ಸುಳಿಯ ಪಕ್ಕ ನನ್ನ ರೆಕ್ಕೆ.
ಇಳಿಸಿಕೊಡಲಾ ಅಂದೆ.
"ಇರ್ಲಿ ಬುಡು,
ಅದ್ರೊಳ್ಗೆ ಅಳಿಲು ಗೂಡು ಕಟ್ಟೈತೆ."