ಬೆಂಗ್ರೆಯ ಎದುರು ಲಂಗರು

ಮೂವತ್ತೊಂದು ಅಡಿ ಉದ್ದ, ಹತ್ತಡಿ ಅಗಲ,
ನಾಲ್ಕು ಜನ, ಹದಿನಾರು ದಿನದ ರಜೆ.
ಸಿಹಿನೀರು ಇನ್ನೂರು ಲೀಟರು.
ಹಲ್ಲುಜ್ಜಲು ಒಂದು ಲೋಟ, ಮುಖಕ್ಕೆ ಅರ್ಧ,
ಅಳುವುದಾದರೆ ಅದು ನಿಮ್ಮ ಸ್ವಂತ ನೀರು
ಎಂದು ಹಿಲರಿ ಮೊದಲ ದಿನವೇ ಮಕ್ಕಳಿಗೆ ಹೇಳಿದ.

ಹಾಯಿದೋಣಿಯ ಹೆಸರು ಸುಕ್ಣೆಂ. ಹಕ್ಕಿ.
ಹಾರುವುದಕ್ಕಿಂತ ಕೂರುವುದೇ ಹೆಚ್ಚು.
ಬೆಳಿಗ್ಗೆ ಮೂಡಣ ಗಾಳಿ, ಊರಿನ ಒಲೆಯ ಹೊಗೆ ಹೊತ್ತು,
ಮಧ್ಯಾಹ್ನ ಅದೇ ಗಾಳಿ ಕಡಲಿಗೆ ಹೋಗಿ
ಬೇರೆ ಅಂಗಿ ಹಾಕಿಕೊಂಡು ವಾಪಸ್ಸು.
ನಾವು ಕೂತಲ್ಲೇ ಊರು ತಿರುಗುತ್ತದೆ:
ಚಹಾ ಕುಡಿಯುವಾಗ ಕಿಟಕಿಯಲ್ಲಿ
ಬಂದರಿನ ಮಂಜುಗಡ್ಡೆ ಕಾರ್ಖಾನೆ,
ಲೋಟ ತೊಳೆಯುವ ಹೊತ್ತಿಗೆ ಬೆಂಗ್ರೆಯ ತೆಂಗು.

ಅತ್ತೆ ಮಾತ್ರ ದೋಣಿ ಹತ್ತುವುದಿಲ್ಲ.
"ಮನೆ ಅಂದ ಮೇಲೆ ಒಂದು ಕಡೆ ನಿಲ್ಲಬೇಕು ಮಾರಾಯ್ತಿ,
ಯಾರಾದರೂ ಅಡ್ರೆಸ್ ಕೇಳಿದರೆ ನಾನು ಎಂತ ಹೇಳುವುದು,
ನೀರು ಅಂತಲಾ?"
ಆದರೂ ಕುಲಶೇಖರದಿಂದ ರಿಕ್ಷಾ ಮಾಡಿಕೊಂಡು ಬಂದರಿಗೆ ಬಂದು
ಕಡವಿನವನ ಕೈಯಲ್ಲಿ ಕುಸ್ವಾರದ ಡಬ್ಬಿ ಕಳಿಸಿದರು,
ಹಳೆ ಸೀರೆಯ ತುಂಡಲ್ಲಿ ಬಿಗಿದು:
ನೆವ್ರಿ, ಕಿಡಿಯೊ, ಗುಳಿಯೊ,
ತಳದಲ್ಲಿ ಒಂದು ಚೀಟಿ,
ಬೇಗ ತಿನ್ನಿ, ಉಪ್ಪುಗಾಳಿಗೆ ಮೆತ್ತಗಾಗುತ್ತದೆ.

ಗೋದಲಿ ಮಾಡಿದ್ದು ನಕಾಶೆಯ ಮೇಜಿನ ಮೇಲೆ.
ಮೀನಿನ ಖಾಲಿ ಡಬ್ಬಿಯಲ್ಲಿ ಲವೀಟಾ ಬೆಳೆಸಿದ ರಾಗಿಮೊಳಕೆ ಹುಲ್ಲು.
ಟ್ರಾಲರ್ ಹಾದಾಗಲೆಲ್ಲ ಜೋಸೆಫ್ ಮಗುಚಿ ಬೀಳುತ್ತಾನೆ.
ಮೂರನೇ ದಿನ ಅವನ ಪಾದಕ್ಕೆ
ದೋಣಿಗೆ ಬಳಿಯುವ ಅಂಟು ಹಾಕಿದೆವು.
ಒಂಟೆಗೆ ಬೇಡ, ಅದು ನಡೆಯಬೇಕಲ್ಲ, ಎಂದ ಜೊಸ್ವಿನ್.
ಬಾಲಯೇಸು ಇನ್ನೂ ಹುಟ್ಟಿರಲಿಲ್ಲ,
ಚಹಾಪುಡಿಯ ಡಬ್ಬಿಯಲ್ಲಿ ಕಾಯುತ್ತಿದ್ದ.

ಇಪ್ಪತ್ತನಾಲ್ಕರ ರಾತ್ರಿ
ಒಳ್ಳೆ ಬಟ್ಟೆ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು
ಇನ್ನೇನು ಪಾತಿಗೆ ಇಳಿಯಬೇಕು,
ಆಗ ಲಂಗರು ಬಿಟ್ಟಿತು.
ಶಬ್ದವೇನೂ ಇಲ್ಲ. ದೀಪಗಳು ಮಾತ್ರ
ಇದ್ದಲ್ಲಿಂದ ಒಂದೊಂದೇ ಜಾರಿದವು,
ಯಾರೋ ಊರನ್ನೇ ಮೆಲ್ಲಗೆ ಎಳೆದುಕೊಂಡು ಹೋದ ಹಾಗೆ.
ಇಳಿತದ ನೀರು. ಅಳಿವೆಯ ಕಡೆಗೆ.
ಹಿಲರಿ ಎಂಜಿನ್‌ಗೆ ಬೈದ, ಕೊಂಕಣಿಯಲ್ಲಿ,
ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ.
ಮಕ್ಕಳು ನನ್ನ ಸೆರಗು ಹಿಡಿದರು.
ನನಗೆ ಹಿಡಿಯಲು ಏನೂ ಸಿಗದೆ
ಟಾರ್ಚು ಬೀಸಿದೆ, ಬೀಸಿದೆ.

ಬಂದವರು ಇದಿನಬ್ಬ, ಬಲೆ ಬಿಡಲು ಹೊರಟಿದ್ದವರು.
ಎಂತದೂ ಕೇಳಲಿಲ್ಲ. ಹಗ್ಗ ಎಸೆದು
ತಮ್ಮ ದೋಣಿಯ ಮಗ್ಗುಲಿಗೆ ಬಿಗಿದು
ಬೆಂಗ್ರೆಯ ದಕ್ಕೆಯ ತನಕ ಎಳೆದು ಕಟ್ಟಿ,
ನಮ್ಮ ಲಂಗರನ್ನು ಕಾಲಿನಿಂದ ಮುಟ್ಟಿ ನೋಡಿದರು.
"ಷೋಕಿಗೆ ಆಯಿತು. ಹೊಳೆಗೆ ಆಗುವುದಿಲ್ಲ."

ಅಷ್ಟರಲ್ಲಿ ನೀರಿನ ಆಚೆ ರೊಜಾರಿಯೊದ ಗಂಟೆ.
ಒಳಗೆ ಹೋಗಿ ನೋಡಿದರೆ
ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ,
ನೆಲದ ತುಂಬ ಚಹಾಪುಡಿ. ಮಗು ಇಲ್ಲ.
ಲವೀಟಾ ಅತ್ತುಬಿಡುತ್ತಾಳೆ ಅಂದುಕೊಂಡೆ.
ಅವಳು ಒಂದು ಗುಳಿಯೊ ತೆಗೆದು
ಕರ್ಚೀಫಿನ ಮೂಲೆಯಲ್ಲಿ ಸುತ್ತಿ
ರಾಗಿಯ ನಡುವೆ ಮಲಗಿಸಿದಳು.
ಇದಿನಬ್ಬ ನಿಂತೇ ನೆವ್ರಿ ತಿಂದರು, ಎಳ್ಳು ಒಳ್ಳೆದುಂಟು ಎಂದರು.
ಬೆಳಕು ಹರಿದಾಗ ದೋಣಿಯ ಅಂಚಿಗೆ ಸಿಕ್ಕಿಸಿದ ಚೀಲದಲ್ಲಿ
ಒಂಬತ್ತು ಬಂಗುಡೆ, ಕಣ್ಣು ಇನ್ನೂ ಕೆಂಪಾಗಿರದವು.

ಹನ್ನೊಂದಕ್ಕೆ ಅತ್ತೆ ಬಂದರು.
ಬೆಂಗ್ರೆಗೆ ಬರಲು ಹೊಳೆ ದಾಟಬೇಕು,
ಹೊಳೆ ದಾಟಲು ದೋಣಿಯೇ ಹತ್ತಬೇಕು,
ಆ ಮಾತನ್ನು ಯಾರೂ ಎತ್ತಲಿಲ್ಲ.
ಒಂದು ಕಾಲು ದಕ್ಕೆಯಲ್ಲಿ, ಒಂದು ಕಾಲು ಸುಕ್ಣೆಂ ಮೇಲೆ ಇಟ್ಟು
ಅಲ್ಲಿಂದಲೇ ನನ್ನ ಮಸಾಲೆಯಲ್ಲಿ ತಪ್ಪು ಹುಡುಕಿದರು,
ಮಧ್ಯಾಹ್ನದ ತನಕ.

ರಜೆಯ ಕೊನೆಯ ದಿನ
ತಳದ ಕೊಳೆನೀರು ಮೊಗೆಯುವಾಗ ಜೊಸ್ವಿನ್ ಕೂಗಿದ.
ಸಿಕ್ಕಿದ್ದ, ಒಂದು ಕೈ ಮೇಲೆ ಚಾಚಿಕೊಂಡು,
ಮೈಯೆಲ್ಲ ಡೀಸೆಲ್, ಚಹಾ, ಉಪ್ಪು.
ಅವನ ಜಾಗದ ಗುಳಿಯೊವನ್ನು ಯಾರೋ ಆಗಲೇ ತಿಂದಿದ್ದರು.

ತೊಳೆಯಲು ಎಷ್ಟು ನೀರು ಎಂದು ಕೇಳಿದ ಮಗ.
ಅರ್ಧ ಲೋಟ, ಎಂದ ಹಿಲರಿ.
ನಾನು ಪೂರ್ತಿ ಕೊಟ್ಟೆ.