ತೊಂಬತ್ತೊಂಬತ್ತರಿಂದ ಕೆಳಗೆ

ಇವತ್ತೂ ಬರಲಿಲ್ಲ.
ಉಪ್ಪಳದಿಂದ ನವೀದ್ ಫೋನು ಮಾಡಿದ್ದ.
ವಿಷುವಿಗೆ ಅಂದದ್ದು ಓಣಂ ಆಯಿತು,
ಓಣಂ ಕಳೆದು ಈಗ ನವೆಂಬರ್.
(ಜಪಾನಿನವರಿಗೆ ವಿಷು ಗೊತ್ತಿಲ್ಲ, ಅದು ನಮ್ಮ ಲೆಕ್ಕ.)

ಹಗಲೆಲ್ಲ ನನ್ನ ಕೈಯಲ್ಲಿ ಬೇರೊಂದು ಯಂತ್ರ,
ಕರೆಂಟಿನ ಬೋರ್ಡು ಕೊಟ್ಟದ್ದು, ಬೂದು ಬಣ್ಣ, ರಬ್ಬರಿನ ಗುಂಡಿ.
ಕುಂಬಳೆ ಸೆಕ್ಷನ್ನಿನ ಮನೆಮನೆಗೆ ಹೋಗಿ
ಮೀಟರಿನ ಅಂಕೆ ಒತ್ತಿದರೆ ಮಲಯಾಳದ ಚೀಟಿ ಉಗುಳುತ್ತದೆ.
ಐತಪ್ಪ ಟೈಲರು ಅದನ್ನು ಬೆಳಕಿಗೆ ಹಿಡಿದು
"ಎಷ್ಟೆಂದು ಹೇಳು ಮಾರಾಯ, ಉಳಿದದ್ದು ನನಗೆ ಬೇಡ" ಅನ್ನುತ್ತಾರೆ.
ಹೇಳುತ್ತೇನೆ.
ಎರಡು ತಿಂಗಳಿಗೊಮ್ಮೆ ಅದೇ ಜಗಲಿ, ಅದೇ ನಾಯಿ,
ಅಂಕೆ ಮಾತ್ರ ಮೇಲೆ.
ಮೀಟರು ಹಿಂದಕ್ಕೆ ತಿರುಗಿದ್ದನ್ನು ಹನ್ನೊಂದು ವರ್ಷದಲ್ಲಿ
ಒಂದೇ ಸಲ ಕಂಡಿದ್ದೇನೆ,
ಅದಕ್ಕೆ ದಂಡ ಬಿತ್ತು.

ಬರಲಿರುವ ಆಟದಲ್ಲಿ, ಕೇಳಿದ್ದು ನಿಜವಾದರೆ,
ನಾಯಕ ಮೊದಲ ದಿನವೇ ತೊಂಬತ್ತೊಂಬತ್ತನೆಯ ಮಟ್ಟದವನು.
ಬಿಳಿ ಗಡ್ಡ, ಬೆನ್ನಿಗೆ ಕತ್ತಿ, ನಾಲಗೆಯ ಮೇಲೆ ನೂರು ಮಂತ್ರ.
ಡ್ರ್ಯಾಗನ್ನು ಸತ್ತಾಗಿದೆ. ರಾಜ್ಯ ಉಳಿದಾಗಿದೆ.
ಇನ್ನು ಊರಿಂದೂರಿಗೆ ಹಿಂದೆ ನಡೆಯಬೇಕು, ಅಷ್ಟೆ,
ಯಾರಿಗೆ ಏನು ಉಪಕಾರ ಮಾಡಿದರೂ ಒಂದು ಮಟ್ಟ ಇಳಿಯಬೇಕು.
ಬಾವಿ ತೋಡಿಕೊಟ್ಟರೆ ಸಿಡಿಲಿನ ಮಂತ್ರ ಮರೆತುಹೋಗುತ್ತದೆ.
ಬಸುರಿಯನ್ನು ಹೊಳೆ ದಾಟಿಸಿದರೆ ಕತ್ತಿ ಭಾರವಾಗುತ್ತದೆ.
ಗಡ್ಡ ಕಪ್ಪಾಗುತ್ತದಂತೆ, ಆಮೇಲೆ ಇಲ್ಲವಾಗುತ್ತದಂತೆ,
ಕೊನೆಗೆ ಒಬ್ಬ ಹುಡುಗ, ಮಟ್ಟ ಒಂದು,
ಯಾವುದೋ ಬಾಗಿಲು ತಟ್ಟುತ್ತಾನಂತೆ.
ತೆರೆಯುವವರು ಯಾರು?
ಮಾಡಿದವರು ಬಾಯಿ ಬಿಟ್ಟಿಲ್ಲ.

ನವೀದನಿಗೆ ಇದು ಹಿಡಿಸಲೇ ಇಲ್ಲ.
"ದುಡ್ಡು ಕೊಟ್ಟು ಸಣ್ಣವನಾಗುವುದೆ?
ಅದಕ್ಕೆ ಜಪಾನು ಯಾಕೆ, ನಿನ್ನ ಆಫೀಸು ಸಾಲದೆ?"
ಅವನ ಅಂಗಡಿಯಲ್ಲಿ, ಒಡೆದ ಪರದೆಗಳ ಡಬ್ಬಿಯ ಬದಿಯಲ್ಲಿ,
ನನ್ನ ಹಳೆಯ ಆಟದ ಯಂತ್ರ ಮಲಗಿತ್ತು.
ಎಡಗುಂಡಿ ಅಂಟುತ್ತಿತ್ತು; ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರಸಿ,
ಹೊಸ ಬ್ಯಾಟರಿ ಕೂರಿಸಿ ಕೈಗಿತ್ತ. ದುಡ್ಡು ತೆಗೆದುಕೊಳ್ಳಲಿಲ್ಲ.
"ಈಗ ನಿನ್ನ ಮಟ್ಟ ಎಷ್ಟಾಯಿತು?" ಅಂದೆ.
ಎದ್ದು ಶಟರು ಎಳೆದ.

ಇಂಗ್ಲಿಷಿನಲ್ಲಿ ಬರುವುದಿಲ್ಲವಂತೆ. ಎಲ್ಲ ಅವರದೇ ಅಕ್ಷರ.
ಇರಲಿ.
ಕನ್ನಡ ಶಾಲೆಯ ಮೂರನೆಯ ಕ್ಲಾಸಿನಲ್ಲಿ
ಕುಂಬಳೆ ಪೇಟೆಯಲ್ಲಿ ಬಸ್ಸಿನ ಹಣೆ ಓದಲಾರದೆ ನಿಂತವನು ನಾನು.
ಪೆರ್ಲವೆಂದರೆ ಮುಂದೊಂದು ಸೊಂಡಿಲು, ಕೊನೆಗೊಂದು ಬಸವನಹುಳು.
ಉದ್ದನೆಯದು ಬದಿಯಡ್ಕ.
ಒಂದು ಸಂಜೆ ಲೆಕ್ಕ ತಪ್ಪಿ ಬಂದ್ಯೋಡಿನಲ್ಲಿ ಇಳಿದು ಅಳುತ್ತಿದ್ದಾಗ
ಮೀನಿನ ಬುಟ್ಟಿಯ ಹೆಂಗಸೊಬ್ಬಳು ನನಗೆ ತುಳುವಿನಲ್ಲಿ ಬೈದು,
ಕಂಡಕ್ಟರನಿಗೆ ಮಲಯಾಳದಲ್ಲಿ ಹೇಳಿ,
ಸೆರಗಿನ ಗಂಟು ಬಿಚ್ಚಿ ಟಿಕೆಟಿಗೆ ಕೊಟ್ಟು ಹತ್ತಿಸಿದಳು.
ಹೆಸರು ಕೇಳಲಿಲ್ಲ.
ಎಷ್ಟನೆಯ ಮಟ್ಟದಲ್ಲಿದ್ದಳೋ.

ನೋಟುಬುಕ್ಕು ತಂದಿಟ್ಟಾಗಿದೆ, ಇನ್ನೂರು ಪುಟ.
ಒಂದು ಪುಟ ತುಂಬಿದೆ, ಜಾಹೀರಾತಿನ ಚಿತ್ರ ನೋಡಿಯೇ:
ಈ ಪೆಟ್ಟಿಗೆಯಂಥದು ಬಾಯಿ,
ಇದು ಮರ ಇರಬೇಕು,
ನಿಂತ ಈ ಮೂರು ಗೀರು, ಅನುಮಾನವೇ ಇಲ್ಲ, ಹೊಳೆ.
ಶಿರಿಯ ಹೊಳೆಯನ್ನು ಸೇತುವೆಯಿಂದ ನೋಡಿದವನಿಗೆ
ಯಾರೂ ಹೇಳಿಕೊಡಬೇಕಿಲ್ಲ.

ನಿನ್ನೆ ಯಾಕೋ ಲೈನನ್ನು ತಿರುಗಿಸಿ ನಡೆದೆ,
ಕೊನೆಯ ಮನೆಯಿಂದ ಮೊದಲಿನದಕ್ಕೆ.
ನಾಯಿಗೆ ಗುರುತು ಸಿಗಲಿಲ್ಲ, ಬೊಗಳಿತು.
ಐತಪ್ಪ ಹೊಲಿಗೆ ಮಿಷನ್ನಿನ ಮುಂದೆ ಕಣ್ಣು ಕಿರಿದು ಮಾಡಿಕೊಂಡು,
"ಬಂದದ್ದು ಒಳ್ಳೆಯದಾಯಿತು, ಈ ಸೂಜಿಗೊಂದು ನೂಲು" ಎಂದರು.
ಬೋರ್ಡಿನ ಯಂತ್ರವನ್ನು ಬಟ್ಟೆಚೂರುಗಳ ಮೇಲಿಟ್ಟೆ.
ನೂಲಿನ ತುದಿ ನೆಕ್ಕಿ, ಮೂರನೆಯ ಸಲಕ್ಕೆ ಪೋಣಿಸಿದೆ.
"ತೊಂಬತ್ತೆಂಟು" ಎಂದೆ, ನನ್ನಷ್ಟಕ್ಕೆ.

"ಈ ಸಲ ಬಿಲ್ಲು ಕಡಿಮೆಯಾಯಿತಲ್ಲ!" ಎಂದರು ಐತಪ್ಪ.